ಅಧ್ಯಕ್ಷನ ಹೆಂಡತಿಯ ಸಾಲು

ಭಾನುವಾರ ಬೆಳಿಗ್ಗೆ ನನ್ನ ಗಂಡ ತಮ್ಮ ಕಂಪನಿಯ ಮಾಲೀಕರಿಗೆ ಉತ್ತರ ಹೇಳಬೇಕಿತ್ತು. ಜನರಲ್ ಮ್ಯಾನೇಜರ್ ಕುರ್ಚಿ ಖಾಲಿಯಾಗಿತ್ತು. ಮಾಲೀಕರು ಇವರನ್ನೇ ಕರೆದು ಕೂಡಿಸಲು ತಯಾರಿದ್ದರು. ಬೇರೆಯವರ ಮನೆಯಲ್ಲಾಗಿದ್ದರೆ ಹಬ್ಬ. ನಮ್ಮ ಮನೆಯಲ್ಲಿ ಗುರುವಾರದಿಂದ ಯಾರೂ ಸರಿಯಾಗಿ ಮಾತಾಡಿರಲಿಲ್ಲ.

ಅವರು ಕಟ್ಟಡ ಕಂಪನಿಯಲ್ಲಿ ಕರಾರುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಕಟ್ಟಿಸುವವನಿಗೂ ಗುತ್ತಿಗೆದಾರನಿಗೂ ಜಗಳ ಬಿದ್ದರೆ ಯಾರ ಮಾತಿನಲ್ಲಿ ಹುರುಳಿದೆ ಎಂದು ಅಳೆದು ನೋಡುವುದರಲ್ಲಿ ಅವರಿಗೆ ಅದೆಂಥ ಸುಖವೋ ನಾನರಿಯೆ. ಕೊಲ್ಲಿ ದೇಶದ ಈ ಊರಿನ ಖುರುಮ್ ಬಡಾವಣೆಯಲ್ಲಿ ಇಂಥ ವ್ಯಾಜ್ಯಗಳನ್ನು ಕೋರ್ಟಿನ ಹೊರಗೇ ಬಗೆಹರಿಸುವ ಸಣ್ಣ ಕಚೇರಿಯೊಂದಿದೆ. ಅಲ್ಲಿಂದಲೂ ಅವರಿಗೆ ಕರೆ ಬಂದಿತ್ತು. ಅಲ್ಲಿಗೆ ಹೋದರೆ ಇಲ್ಲಿ ನಮ್ಮ ಹೊಣೆ ಹೊತ್ತ ಕಫೀಲ್ ಬದಲಾಗಬೇಕು, ವೀಸಾ ಬದಲಾಗಬೇಕು, ನಾಳೆ ಆ ಕಚೇರಿ ಬಾಗಿಲು ಹಾಕಿದರೆ ನಮ್ಮನ್ನು ಕೇಳುವವರಿಲ್ಲ. ನನಗೆ ಜನರಲ್ ಮ್ಯಾನೇಜರ್ ಕುರ್ಚಿಯೇ ಬೇಕಿತ್ತು. ವೀಸಾದ ಭಯ ಅರ್ಧ ಕಾರಣ. ಇನ್ನರ್ಧ, ಕನ್ನಡ ಕೂಟಗಳಲ್ಲಿ ಮುಂದಿನ ಸೋಫಾದಲ್ಲಿ ಕೂತ ಮ್ಯಾನೇಜರುಗಳ ಹೆಂಡಂದಿರು. "ನಿಮ್ಮವರು ಇನ್ನೂ ಅಲ್ಲೇ ಇದಾರಾ?" ಎಂದು ಅವರು ಕೇಳುವ ಧಾಟಿಗೆ ನಾನು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ನಕ್ಕಿದ್ದೇನೆ. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

"ಆ ಕುರ್ಚ್ಯಾಗ ಕೂತ್ರ ದಿನಾ ಮಂದೀನ ಬೈಯೂದ ಕೆಲಸ," ಎಂದಿದ್ದರು ಅವರು.

"ಬೈಸ್ಕೊಳ್ಳೂದಕ್ಕಿಂತ ಚಲೋ ಅಲ್ಲೇನ್ರಿ?" ಎಂದಿದ್ದೆ ನಾನು. ಅಲ್ಲಿಗೆ ಮಾತು ನಿಂತಿತ್ತು.

ಈ ಬಿಗುವಿನ ನಡುವೆ ಮಗಳ ಭಾಷಣ ಬಂದು ಕೂತಿತು. ಶನಿವಾರ ಸಂಜೆ ಖುರುಮ್‌ನ ಹೋಟೆಲೊಂದರಲ್ಲಿ ಕನ್ನಡ ಕುಟುಂಬಗಳ ಕೂಟ. ಮಕ್ಕಳಿಗೆ ಭಾಷಣ ಸ್ಪರ್ಧೆ, ಕನ್ನಡದಲ್ಲೇ ಆಗಬೇಕು. ಇಲ್ಲಿನ ವಾದಿ ಕಬೀರ್ ಬಡಾವಣೆಯಲ್ಲಿ ಬೆಳೆದ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ತಾಯಂದಿರು ಕನ್ನಡ ಮಾಡಿಕೊಡುತ್ತೇವೆ, ಅವರು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ತೀರ್ಪುಗಾರರಿಗೂ ಈ ಗುಟ್ಟು ಗೊತ್ತು. ಅದಕ್ಕೇ ಕೊನೆಗೊಂದು ಪ್ರಶ್ನೆ ಕೇಳಿ, ಮಗುವಿನ ಸ್ವಂತ ಕನ್ನಡ ಎಷ್ಟಿದೆ ಎಂದು ನೋಡುತ್ತಾರೆ.

ಮಗಳು ಆರಿಸಿಕೊಂಡದ್ದು ಕಳೆದ ಶತಮಾನದ ಆರಂಭದ ಒಬ್ಬ ಅಮೆರಿಕನ್ ಅಧ್ಯಕ್ಷನನ್ನು. ಆ ದೇಶದ ಅಧ್ಯಕ್ಷನೂ ಆಗಿ, ಮುಖ್ಯ ನ್ಯಾಯಮೂರ್ತಿಯೂ ಆದವನು ಅವನೊಬ್ಬನೇ. ಶುಕ್ರವಾರ ಊಟದ ಟೇಬಲ್ಲಿನಲ್ಲಿ ಕನ್ನಡ ಮಾಡುತ್ತ ಕೂತೆ. ಚಿಕ್ಕ ವಯಸ್ಸಿಗೇ ನ್ಯಾಯಾಧೀಶನಾದ. ಅವನ ಆಸೆಯೆಲ್ಲ ಮೊದಲಿನಿಂದಲೂ ನ್ಯಾಯಪೀಠದ ಮೇಲೆ. ದೂರದ ದ್ವೀಪಗಳ ಆಡಳಿತ ನೋಡಿಕೊಳ್ಳುತ್ತಿದ್ದಾಗ ಸುಪ್ರೀಂ ಕೋರ್ಟಿಗೇ ಕರೆ ಬಂತು. ಹಿಡಿದ ಕೆಲಸ ಮುಗಿದಿಲ್ಲವೆಂದು ಬಿಟ್ಟುಕೊಟ್ಟ. ಆಗಿನ ಅಧ್ಯಕ್ಷ ಇವನ ಗೆಳೆಯ. ತಾನೇ ಮುಂದೆ ನಿಂತು ಇವನನ್ನು ತನ್ನ ಜಾಗಕ್ಕೆ ತಂದ. ನಾಲ್ಕು ವರ್ಷಕ್ಕೆ ಅದೇ ಗೆಳೆಯ ಇವನ ವಿರುದ್ಧ ಚುನಾವಣೆಗೆ ನಿಂತ. ಇಬ್ಬರ ಜಗಳದಲ್ಲಿ ಬೇರೊಬ್ಬ ಗೆದ್ದ, ಇವನು ಆ ಗೆಳೆಯನಿಗಿಂತಲೂ ಹಿಂದೆ ಬಿದ್ದ. ಎಷ್ಟೋ ವರ್ಷದ ಮೇಲೆ ಮುಖ್ಯ ನ್ಯಾಯಮೂರ್ತಿಯಾದಾಗ, ತಾನು ಅಧ್ಯಕ್ಷನಾಗಿದ್ದೇ ನೆನಪಿಲ್ಲ ಎನ್ನುವಷ್ಟು ಸುಖವಾಗಿದ್ದ.

ನಡುವೆ ಒಂದು ಸಾಲಿತ್ತು: ಅಧ್ಯಕ್ಷ ಪದವಿ ಅವನಿಗಿಂತ ಹೆಚ್ಚಾಗಿ ಬೇಕಿದ್ದದ್ದು ಅವನ ಹೆಂಡತಿಗೆ.

ಪೆನ್ನು ನಿಂತಿತು. ಅಡುಗೆಮನೆಯಲ್ಲಿ ನನ್ನ ಗಂಡ ಚಹಾ ಸೋಸುತ್ತಿದ್ದರು. ಈ ಮಾತು ಮಗಳ ಬಾಯಿಂದ, ಅದೂ ಅವರ ಎದುರಿಗೆ! ನನಗೆ ಸಿಟ್ಟೇ ಬಂತು. ಆ ಕಾಲದ ಹೆಂಗಸು ತಾನೇ ಚುನಾವಣೆಗೆ ನಿಲ್ಲುವ ಹಾಗಿತ್ತೇ? ಗಂಡನನ್ನು ಹತ್ತಿಸದೆ ಅವಳು ಹೇಗೆ ಮೇಲೆ ಹತ್ತಬೇಕಿತ್ತು? ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋದೆ.

ಮಗಳು ಓದಿ ನೋಡಿ, "ಮಮ್ಮಿ, ಒಂದ್ ಲೈನ್ ಮಿಸ್ ಆಗೇದ," ಎಂದಳು.

"ಇರಲಿ ಬಿಡು, ಟೈಮ್ ಸಾಕಾಗೂದಿಲ್ಲ."

"ಬಟ್ ದ್ಯಾಟ್ಸ್ ದ ರೀಸನ್," ಎಂದು ನನ್ನ ಮುಖ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ನೋಡಿದಳು. ಮತ್ತೆ ಕೇಳಲಿಲ್ಲ.

ಶನಿವಾರ ಎಲ್ಲೂ ತಡವರಿಸದೆ ಭಾಷಣ ಮುಗಿಸಿದಳು. ತೀರ್ಪುಗಾರರಲ್ಲಿ ಮೈಸೂರು ಕಡೆಯ ಹಿರಿಯರೊಬ್ಬರು ಮೈಕ್ ಎತ್ತಿಕೊಂಡರು. "ತುಂಬಾ ಚೆನ್ನಾಗಿ ಹೇಳ್ದೆ ಪುಟ್ಟಿ. ಅಲ್ಲಾ, ಅವನಿಗೆ ಮೊದಲಿಂದ್ಲೂ ಕೋರ್ಟೇ ಬೇಕಿತ್ತು ಅಂದ್ಯಲ್ಲ, ಮತ್ತೆ ಅಧ್ಯಕ್ಷ ಯಾಕಾದ?"

ನಾನು ಬಿಟ್ಟ ಜಾಗಕ್ಕೇ ಬೆರಳಿಟ್ಟಿದ್ದರು. ಮಗಳಿಗೆ ಉತ್ತರ ಗೊತ್ತಿತ್ತು, ಅಷ್ಟು ಕನ್ನಡವೂ ಬರುತ್ತಿತ್ತು. ಅವಳು ಸಭೆಯಲ್ಲಿ ನನ್ನನ್ನು ಹುಡುಕಿದಳು, ಪಕ್ಕದಲ್ಲಿದ್ದ ಅಪ್ಪನನ್ನು ನೋಡಿದಳು, ತಲೆ ತಗ್ಗಿಸಿದಳು. "ಗೊತ್ತಿಲ್ಲ ಸರ್."

ನನ್ನ ಮಾನ ಕಾಯಲು ಅವಳು ಅಷ್ಟು ಜನರೆದುರು ದಡ್ಡಿಯಾಗಿ ನಿಂತಿದ್ದಳು. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ಅಕಿಗೆ ಗೊತ್ತದರಿ. ನಾನ ಬರದು ಕೊಡಲಿಲ್ಲ. ಅವನ ಹೆಂಡ್ತಿಗೆ ಬೇಕಾಗಿತ್ರಿ."

ಸಭೆ ಗೊಳ್ಳೆಂದಿತು. ಮುಂದಿನ ಸೋಫಾದವರೂ ತಿರುಗಿ ನೋಡಿ ನಕ್ಕರು. ನನ್ನ ಗಂಡ ನಗಲಿಲ್ಲ.

ಮಗಳಿಗೆ ಬಹುಮಾನ ಬರಲಿಲ್ಲ. ಕಾರಿನಲ್ಲಿ ಮನೆಗೆ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಮತ್ತ ಈ ಹೆಂಡ್ತಿಗೆ?" ಎಂದರು. ಹಿಂದಿನ ಸೀಟಿನಲ್ಲಿ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು.

ಸುಳ್ಳು ಹೇಳಬಹುದಿತ್ತು. "ನನಗ ಬೇಕ್ರಿ. ಈಗೂ ಬೇಕು," ಎಂದೆ. "ಆದರ ದಿನಾ ಅದರಾಗ ಕೂಡೋರು ನೀವು."

ಅವರು ಭಾನುವಾರಕ್ಕೆ ಕಾಯಲಿಲ್ಲ. ಪೆಟ್ರೋಲ್ ಪಂಪಿನ ಪಕ್ಕ ಗಾಡಿ ನಿಲ್ಲಿಸಿ ಮಾಲೀಕರಿಗೆ ಫೋನ್ ಹಚ್ಚಿದರು. ಉಪಕಾರ ನೆನೆದರು, ಕ್ಷಮೆ ಕೇಳಿದರು, ಬೇಡವೆಂದರು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಇವರು ಅದೇ ಮಾತನ್ನು ಮೆತ್ತಗೆ ಇನ್ನೊಮ್ಮೆ ಹೇಳಿದರು. ಕೊನೆಗೆ ಮಾಲೀಕರು "ಖಲಾಸ್" ಎಂದದ್ದು ನನಗೂ ಕೇಳಿಸಿತು.

ನಾನು ಅತ್ತುಬಿಟ್ಟೆ. ಆ ಕುರ್ಚಿಗಾಗಿಯೇ ಅತ್ತೆನೆಂದು ಅವರಿಗೂ ಗೊತ್ತಿತ್ತು. ನನ್ನ ಅಳು ನಿಲ್ಲುವವರೆಗೆ ಗಾಡಿಯನ್ನು ಅಲ್ಲಿಂದ ಕದಲಿಸಲಿಲ್ಲ.