ಚಪ್ಪಲಿ ಕಾಯುವವರ ಜಗಲಿ ಮತ್ತು ಬು ಕುಸ್ದರಿನಿ

ಪೂರ್ವ ಜಾವಾದ ಮನರಂಜನಾ ಉದ್ಯಾನಗಳ ಚರಿತ್ರೆಯನ್ನು ಮುಂದೆ ಯಾರಾದರೂ ನೆಟ್ಟಗೆ ಬರೆದದ್ದೇ ಆದರೆ, ಮುಗಿಲೆತ್ತರದ ಆಟಗಳನ್ನು ತಂದವರ ಹೆಸರುಗಳು ಅದರಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಮನೆಮಂದಿಯೆಲ್ಲ ಕೂರುವ ಸಣ್ಣ ಆಟಗಳನ್ನು ಉಳಿಸಿದವರ ಹೆಸರೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಆದರೆ ಮೊದಲನೆಯದನ್ನು ಜೀವದಂತೆ ಪ್ರೀತಿಸಿಯೂ ಎರಡನೆಯದಕ್ಕಾಗಿ ಅದನ್ನು ಬಿಟ್ಟುಕೊಟ್ಟವರು, ನನಗೆ ತಿಳಿದ ಮಟ್ಟಿಗೆ, ನಮ್ಮ ಬು ಕುಸ್ದರಿನಿ ಒಬ್ಬರೇ. ನಮ್ಮಲ್ಲಿ ಹಿರಿಯ ಹೆಂಗಸರನ್ನು ಅಮ್ಮ ಎಂಬರ್ಥದಲ್ಲಿ ಬು ಎಂದೂ ಗಂಡಸರನ್ನು ಅಪ್ಪ ಎಂಬರ್ಥದಲ್ಲಿ ಪಾಕ್ ಎಂದೂ ಕರೆಯುತ್ತೇವೆ. ಮಲಾಂಗ್‌ನ ಮೇಲಣ ಬೆಟ್ಟದೂರಿನಲ್ಲಿರುವ ನಮ್ಮ ಲೆಂಬಾ ರಿಯಾಂಗ್ ಉದ್ಯಾನದ ಆಟಗಳ ಯೋಜನಾ ಮುಖ್ಯಸ್ಥೆಯಾಗಿ ದೀರ್ಘಕಾಲ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯುವಿರಾ ಎಂದು ಈ ಅಭಿನಂದನಾ ಸಂಪುಟದ ಸಂಪಾದಕರು ಕೇಳಿದಾಗ ನಾನು "ಆಗಲಿ" ಎಂದೆ. ನಮ್ಮ ಕಡೆ ಯಾರೇ ಏನೇ ಕೇಳಿದರೂ ಉತ್ತರ ಅದೇ. ಈ ಲೇಖನದ ವಿಷಯವೂ ಬಹುಮಟ್ಟಿಗೆ ಅದೇ ಆಗಿದೆ.

ಸುರಬಾಯಾದ ಹಡಗುಕಟ್ಟೆಯಲ್ಲಿ ಎಂಜಿನಿಯರ್ ಆಗಿದ್ದ ಬು ಕುಸ್ದರಿನಿ ಇಲ್ಲಿಗೆ ಬಂದಾಗ ಉದ್ಯಾನದಲ್ಲಿ ಇದ್ದದ್ದು ಒಂದು ತಿರುಗುಚಕ್ರ, ಮಂದಿಯನ್ನು ಕೂರಿಸಿಕೊಂಡು ಗಿರಗಿರನೆ ಸುತ್ತುವ ಚಹಾ ಕಪ್ಪುಗಳು, ಕೊಳದಲ್ಲಿ ಪೆಡಲ್ ತುಳಿದು ಸಾಗಿಸುವ ಹಂಸದ ದೋಣಿಗಳು ಮತ್ತು ಬೇಯಿಸಿದ ಜೋಳ ಮಾರುವವರ ಗದ್ದಲ. ಇವರು ಬಂದು ಕೆಲವೇ ವರ್ಷಗಳಲ್ಲಿ ಬ್ಲೆದೆಕ್ ಎದ್ದು ನಿಂತಿತು. ಬ್ಲೆದೆಕ್ ಎಂದರೆ ಸಿಡಿಲು. ಕೂತವರ ಕಾಲು ಗಾಳಿಯಲ್ಲಿ ಜೋತಾಡುವ, ಎರಡು ಕಡೆ ತಲೆಕೆಳಗಾಗಿಸುವ ಈ ರೋಲರ್ ಕೋಸ್ಟರ್‌ನ ಪ್ರತಿಯೊಂದು ಬೋಲ್ಟಿನ ಜಾತಕ ಅವರಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅದರ ಮುಂದಿನ ಸೀಟಿನಲ್ಲಿ ತಾವೇ ಒಂದು ಸುತ್ತು ಹೋಗಿ ಬರುತ್ತಿದ್ದರು. ಕೂದಲು ಕೆದರಿ, ಕಣ್ಣಲ್ಲಿ ನೀರು ತುಂಬಿ, ಹೊಸದಾಗಿ ಮದುವೆಯಾದ ಹೆಣ್ಣಿನ ಕಳೆಯಲ್ಲಿ ಇಳಿದು ಬರುತ್ತಿದ್ದ ಅವರನ್ನು ನೋಡುವುದೇ ಒಂದು ಸೊಗಸು.

ಅವರ ಇನ್ನೊಂದು ಗುಣ ಪ್ರಶ್ನೆ ಕೇಳುವುದು. ನಮ್ಮ ಜನ ಒಂದು ಮಾತಿಗೆ ಬರಲು ಮೂರು ಸುತ್ತು ಹಾಕುವವರು. ಇವರು ನೇರ ಎದೆಗೇ ಕೈಹಾಕುವವರು. ಬಂದ ಕುಟುಂಬಗಳ ಹಿಂದೆ ಕಳ್ಳರ ಹಾಗೆ ಅಲೆದು, ನಡುವೆ ತಡೆದು ವಿಚಾರಿಸುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಊಟವನ್ನು ಮೂರು ಬೇರೆ ಬೇರೆ ಗಂಟು ಕಟ್ಟಿ ತಂದದ್ದನ್ನು ಕಂಡು ಕಾರಣ ಕೇಳಿದರು. "ಇನ್ನೇನವ್ವಾ? ಒಳಗ್ ಬಂದ್ ಕೂಡ್ಲೆ ಹುಡುಗ್ರು ಒಂದ್ ಕಡೆ, ಸೊಸೆ ಒಂದ್ ಕಡೆ, ನಮ್ ಮುದುಕ ಒಂದ್ ಕಡೆ. ಬಸ್ಸಲ್ಲೇ ಕಡೇ ಸಲ ಒಟ್ಟಿಗಿರೋದು," ಎಂದಳು ಅಜ್ಜಿ. ಈ ಮಾತನ್ನು ಬು ವಾರಗಟ್ಟಲೆ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು. ಮೈ ಜುಮ್ಮೆನಿಸುವ ಆಟ ಐದು, ಮನೆಮಂದಿಯ ಆಟ ಐದು ಇದ್ದರೆ ತಕ್ಕಡಿ ಸಮವಾಯಿತೆಂದು ನಮ್ಮ ಮಾಲೀಕರಾದ ಪಾಕ್ ಗುನಾರ್ಸೊ ನಂಬಿದ್ದರು. ಎರಡೂ ತಟ್ಟೆಗಳಲ್ಲಿ ಕೂರಬೇಕಾದದ್ದು ಒಂದೇ ಕುಟುಂಬವಾದರೆ ತೂಗುವುದು ಹೇಗೆ ಎಂಬ ಪ್ರಶ್ನೆ ಬು ಅವರ ತಲೆಗೆ ಹೊಕ್ಕದ್ದು ಅಂದಿನಿಂದ.

ನಾನು ಟಿಕೆಟ್ ಕಿಟಕಿಯಲ್ಲಿ ಕೆಲಸಕ್ಕೆ ಸೇರಿದವಳು. ಧ್ವನಿವರ್ಧಕ ಹಿಡಿದರೆ ಗಂಟಲು ಕಟ್ಟುತ್ತಿದ್ದ ನನ್ನನ್ನು ಖಾಲಿ ಉದ್ಯಾನದಲ್ಲಿ ನಿಲ್ಲಿಸಿ, ತಾವು ಕೊಳದ ಆಚೆ ದಡಕ್ಕೆ ಹೋಗಿ, "ಮುರ್ಯಾತೀ, ಕೇಳಿಸ್ತಿಲ್ಲ! ಅಕ್ಕಿಗೆ ಬಂದ ಗುಬ್ಬಿ ಓಡಿಸ್ತಿದ್ದೀಯೇನೆ?" ಎಂದು ಅಲ್ಲಿಂದ ಕೂಗಿ ಕೂಗಿ ನನ್ನ ದನಿ ತೆಗೆಸಿದವರು ಅವರು. ಸಂಜೆಯ ಕಾಲೇಜಿಗೆ ಹೋಗಲೆಂದು ನನ್ನ ಪಾಳಿ ಬದಲಿಸಿಕೊಟ್ಟರು. ಅದಕ್ಕೆ ಅಡ್ಡಮಾತಾಡಿದ ಮೇಲ್ವಿಚಾರಕರ ಪಾಳಿಯನ್ನೂ ಬದಲಿಸಿದರು. ಎಲ್ಲಕ್ಕಿಂತ ದೊಡ್ಡ ಮರ್ಯಾದೆಯೆಂದರೆ, ಬೆಳಗಿನ ಆ ಸುತ್ತಿಗೆ ತಮ್ಮ ಪಕ್ಕದ ಸೀಟನ್ನು ನನಗೆ ಕೊಟ್ಟದ್ದು. ಆ ಸೀಟಿಗಾಗಿ ಹೊಟ್ಟೆಕಿಚ್ಚು ಪಟ್ಟವರು ಈ ಸಂಪುಟದಲ್ಲೇ ಇಬ್ಬರು ಲೇಖನ ಬರೆದಿದ್ದಾರೆ.

ಈಗ ಜುರಾಂಗ್ ವಿಷಯ ಹೇಳಬೇಕು. ಉದ್ಯಾನದ ಹಿಂಬದಿಯ ಕಮರಿಗೆ ಧುಮುಕಿ, ಮಂಜಿನೊಳಗೆ ಮಾಯವಾಗಿ, ಆಚೆ ಮಗ್ಗುಲಲ್ಲಿ ಮೇಲೇಳುವ ಒಂದು ಕೋಸ್ಟರ್ ಬು ಅವರ ಬಹುಕಾಲದ ಕನಸಾಗಿತ್ತು. ಕಮರಿಯ ಹೆಸರನ್ನೇ ಅದಕ್ಕಿಟ್ಟು, ವರ್ಷಗಳ ಕಾಲ ನಕ್ಷೆ ಬರೆದು, ಅಳಿಸಿ, ಮತ್ತೆ ಬರೆದಿದ್ದರು. ಆದರೆ ಅದರ ನಿಲ್ದಾಣಕ್ಕೆ ಜಾಗವಿದ್ದದ್ದು ಹಂಸದ ಕೊಳದಲ್ಲಿ ಮಾತ್ರ. ಕೊಳ ಮುಚ್ಚಬೇಕು, ಚಹಾ ಕಪ್ಪುಗಳೂ ಹೋಗಬೇಕು. ಬು ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಅವರ ವಾದ ಸರಳವಾಗಿತ್ತು. ಬ್ಲೆದೆಕ್ ಇಳಿದು ಬರುವವರನ್ನೆಲ್ಲ ನಮ್ಮ ಹುಡುಗಿಯರು "ಹೇಗಿತ್ತು?" ಎಂದು ಕೇಳುತ್ತಿದ್ದರು, ಎಳೆಯರು, ಮುದುಕರು, ಸೊಸೆಯರು, ಅತ್ತೆಯರು ಎಲ್ಲರೂ "ಚೆನ್ನಾಗಿತ್ತು" ಎನ್ನುತ್ತಿದ್ದರು. ಅಜ್ಜಂದಿರೇ ಸಿಡಿಲೇರಿ ನಗುತ್ತಿರುವಾಗ ಹಂಸ ಯಾರಿಗೆ ಬೇಕು? ಪಾಕ್ ಗುನಾರ್ಸೊ ಒಪ್ಪಿದರು. ವಿದೇಶದ ತಯಾರಕರು ಸಹಿಗಾಗಿ ಬರುವುದೂ ಗೊತ್ತಾಯಿತು.

ಆ ನಡುವೆ ಬ್ಲಿತಾರ್‌ನಿಂದ ಒಂದು ಮದುವೆ ಬಳಗ ಬಂತು. ಹುಡುಗಿಯ ಕಡೆಯವರು ಹುಡುಗನ ಕಡೆಯವರನ್ನು ತಿರುಗಾಡಿಸಲು ಕರೆತಂದಿದ್ದರು. ಹುಡುಗನ ತಂದೆ ನಿವೃತ್ತ ಹೆಡ್‌ಮಾಸ್ತರರು, ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು, ಬೀಗರ ಪಕ್ಕದಲ್ಲೇ ಬ್ಲೆದೆಕ್ ಏರಿದರು. ಇಳಿಸುವಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಶುಶ್ರೂಷೆಯ ಕೋಣೆಯಲ್ಲಿ ಮಲಗಿಸಿ, ಸಿಹಿ ಚಹಾ ಕುಡಿಸಿದ ಮೇಲೆ ಮುಖಕ್ಕೆ ರಕ್ತ ಬಂತು. ಬು ಮೆಲ್ಲಗೆ ಬಗ್ಗಿ, "ಹೇಗಿತ್ತು ಸ್ವಾಮಿ?" ಎಂದು ಕೇಳಿದರು. ಮಾಸ್ತರರು ಕಣ್ಣು ತೆರೆಯದೆಯೇ, "ಚೆನ್ನಾಗಿತ್ತಮ್ಮಾ, ಬಹಳ ಚೆನ್ನಾಗಿತ್ತು," ಎಂದರು.

ಹೊರಗೆ ಹುಡುಗಿಯ ತಂದೆ ಗೋಡೆಗೊರಗಿ ಕೂತಿದ್ದರು. "ನಂಗೂ ಬೇಡ್ವಾಗಿತ್ತು ತಾಯೀ," ಎಂದು ಪಿಸುಗುಟ್ಟಿದರು. "ಬೀಗ್ರು ಆಸೆಪಟ್ಟಿದ್ದಾರೆ, ಬೇಡ ಅಂದ್ರೆ ಏನಂದ್ಕೋತಾರೋ ಅಂತ ಹತ್ತಿದೆ. ನೋಡಿದ್ರೆ ಅವ್ರೂ ನನ್ ಮುಖ ನೋಡ್ಕೊಂಡೇ ಹತ್ತಿರೋದು!" ಅಷ್ಟು ಹೇಳಿ ಅವರು ಅಳುವಂತೆ ನಕ್ಕುಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ವಯಸ್ಸಾದವರಿಗೆ ಪ್ರವೇಶವಿಲ್ಲ ಎಂದು ಒಂದು ಬೋರ್ಡು ಬರೆಸಿ ಕೈತೊಳೆದುಕೊಳ್ಳುತ್ತಿದ್ದರು. ಬು ಅವರಿಗೆ ನಿದ್ದೆ ಹಾರಿತು. ಅಷ್ಟು ವರ್ಷ ಕೇಳಿಸಿಕೊಂಡ "ಚೆನ್ನಾಗಿತ್ತು"ಗಳಲ್ಲಿ ನಿಜವಾದವು ಎಷ್ಟು? ಕೇಳಿದರೆ ತಾನೆ ತಿಳಿಯುವುದು, ಆದರೆ ಕೇಳಿದರೆ ಬರುವ ಉತ್ತರ ಮೊದಲೇ ಗೊತ್ತು. ಬೇಡ ಎನ್ನಲು ಬಾರದ ಜನರ ಮನಸ್ಸಿನಲ್ಲಿ ಏನು ಬೇಕೆಂದಿದೆ ಎಂದು ಅರಿಯುವುದು ಹೇಗೆ? ಬ್ಲೆದೆಕ್ ಹತ್ತುವ ವೇದಿಕೆಯ ಕಂಬಕ್ಕೆ ಒರಗಿ, ಏರುವವರ ಮುಖವನ್ನೇ ದಿನವಿಡೀ ನೋಡುತ್ತಿದ್ದ ಅವರಿಗೆ ಕಡೆಗೆ ಕಂಡದ್ದು ಮುಖಗಳಲ್ಲ, ಪಾದಗಳು. ಕಾಲು ಜೋತಾಡುವ ಆಟವಾದ್ದರಿಂದ ಎಲ್ಲರೂ ಚಪ್ಪಲಿ ಬಿಟ್ಟು ಏರಬೇಕು. ಮಸೀದಿಯ ಮೆಟ್ಟಿಲಲ್ಲೇ ಚಪ್ಪಲಿ ಅದಲುಬದಲಾಗುವ ಸೀಮೆ ನಮ್ಮದು. ಹೊಸ ಚಪ್ಪಲಿ ಬಿಟ್ಟವರು ಏರುವಾಗಲೂ ಹಿಂತಿರುಗಿ ಅದನ್ನೇ ನೋಡುತ್ತಿದ್ದರು.

ಮರುದಿನ ನನ್ನ ಕೈಗೆ ಧ್ವನಿವರ್ಧಕ ಕೊಟ್ಟು ಅವರು ಹೇಳಿಕೊಟ್ಟ ಮಾತು ಇದು: "ನಿಮ್ಮ ನಿಮ್ಮ ಗುಂಪಿನ ಚಪ್ಪಲಿ ನೋಡ್ಕೊಳ್ಳೋಕೆ ದಯವಿಟ್ಟು ಯಾರಾದ್ರೂ ಒಬ್ಬರು ಸಹಾಯ ಮಾಡ್ತೀರಾ?"

ನನ್ನ ಮಾತು ಮುಗಿಯುವ ಮೊದಲೇ ಒಬ್ಬ ಅತ್ತೆ ಸಾಲಿನಿಂದ ಚಂಗನೆ ಹೊರಬಂದಳು. "ನಾನ್ ನೋಡ್ಕೋತೀನಿ, ನೀವ್ ಹೋಗ್ರಪ್ಪಾ, ನಂಗೇನೂ ಬೇಜಾರಿಲ್ಲ!" ಇನ್ನೊಂದು ಗುಂಪಿನಲ್ಲಿ ಇಬ್ಬರು ಚಿಕ್ಕಪ್ಪಂದಿರು ಅದೇ ಕೆಲಸಕ್ಕೆ ಜಗಳಕ್ಕೆ ನಿಂತರು. "ಲೇ, ನಾನು ಹಿರಿಯ, ಜವಾಬ್ದಾರಿ ನಂದು." "ನಿಂಗೆ ಮಂಡಿನೋವು ಕಣೋ, ಬಗ್ಗೋಕಾಗಲ್ಲ, ನಾನೇ ಕಾಯ್ತೀನಿ." ಒಂದು ಜತೆ ಚಪ್ಪಲಿಗೆ ಇಬ್ಬಿಬ್ಬರು ಕಾವಲುಗಾರರಾದರು. ಭಯವೆಂದು ಬಾಯಿಬಿಟ್ಟು ಹೇಳಲಾರದವರೆಲ್ಲ ಗೌರವದ ಕೆಲಸ ಸಿಕ್ಕ ಖುಷಿಯಲ್ಲಿ ಸಾಲು ಬಿಟ್ಟು ಬಂದರು. ಬು ಕಂಬದ ಹಿಂದೆ ನಿಂತು ನೋಡುತ್ತಿದ್ದರು. ಮೊದಲು ನಕ್ಕರು, ಆಮೇಲೆ ಅವರ ಮುಖ ಸಪ್ಪಗಾಯಿತು. ಜುರಾಂಗ್ ನಿಂತಿದ್ದದ್ದು ಆ "ಚೆನ್ನಾಗಿತ್ತು"ಗಳ ಮೇಲೆ ಎಂದು ನನಗಿಂತ ಮೊದಲು ಅವರಿಗೆ ಹೊಳೆದಿತ್ತು.

ಸಹಿಯ ದಿನ ಬಂತು. ಒಪ್ಪಂದಕ್ಕೆ ಮೊದಲು ವಿದೇಶದ ಅತಿಥಿಗಳಿಗೆ ಬ್ಲೆದೆಕ್ ತೋರಿಸಬೇಕೆಂದು ಪಾಕ್ ಗುನಾರ್ಸೊ ಅವರನ್ನು ತಾವೇ ವೇದಿಕೆಗೆ ಕರೆತಂದರು. ಪ್ರತಿ ಉದ್ಘಾಟನೆಯಲ್ಲೂ ಎಲ್ಲರಿಗಿಂತ ಮೊದಲು ಕೂತು, ಫೋಟೋಗೆ ಕೈ ಎತ್ತಿ, ಇಳಿದು ಬಂದು "ಅದ್ಭುತ" ಎನ್ನುತ್ತಿದ್ದವರು ಅವರು. ನಾನು ಕೆಲಸದವಳು, ಚಪ್ಪಲಿಯ ಎಂದಿನ ಮಾತನ್ನು ಎಂದಿನ ಹಾಗೆ ಹೇಳಿದೆ. ಪಾಕ್ ಗಂಟಲು ಸರಿಮಾಡಿಕೊಂಡರು.

"ಅತಿಥಿಗಳ ಬೂಟು ಬೆಲೆಬಾಳೋವು. ಕಂಡಕಂಡೋರ ಕೈಗೆ ಕೊಡೋದು ಚೆನ್ನಾಗಿರಲ್ಲ. ನಾನೇ ನೋಡ್ಕೋತೀನಿ."

ಸಾವಿರ ಜನಕ್ಕೆ ಸಂಬಳ ಕೊಡುವ ಮನುಷ್ಯ ಬೂಟುಗಳನ್ನು ಮಡಿಲ ಹತ್ತಿರ ಜೋಡಿಸಿಕೊಂಡು ಬೆಂಚಿನ ಮೇಲೆ ಕೂತರು. ಅಷ್ಟು ನೆಮ್ಮದಿಯ ಮುಖದಲ್ಲಿ ಅವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬು ಬಿಸಿ ಶುಂಠಿ ಚಹಾ ತರಿಸಿ ಪಕ್ಕದಲ್ಲಿ ಕೂತರು. ಪಾಕ್ ಕೊಳದ ಕಡೆ ನೋಡುತ್ತಾ, "ಆ ಹಂಸಗಳ ಬಣ್ಣ ಮಾಸಿದೆ, ಕುಸ್," ಎಂದರು. ಚಹಾ ಒಂದು ಗುಟುಕು ಕುಡಿದು, "ಆದ್ರೆ ಕೊಳ ಮುಚ್ಚೋದೇ ಆದ್ರೆ ಬಣ್ಣ ದಂಡ. ನೀನ್ ಹೇಗ್ ಹೇಳ್ತೀಯೋ ಹಾಗೆ," ಎಂದರು.

ನಮ್ಮವರು ಒಂದು ಒಪ್ಪಂದ ಮುರಿಯುವ ರೀತಿ ಇದು. ಮುರಿಯದೆ ಉಳಿಸುವ ದಾರಿಯನ್ನೂ ಅವರು ತೆರೆದೇ ಇಟ್ಟಿದ್ದರು. ಮುಚ್ಚಿಸಿ ಎಂಬ ಒಂದೇ ಮಾತು ಸಾಕಿತ್ತು, ಕಮರಿಯ ಆ ಕನಸು ಬು ಅವರದಾಗುತ್ತಿತ್ತು. ತಲೆಯ ಮೇಲೆ ಅತಿಥಿಗಳು ಕಿರುಚುತ್ತಾ ಹಾದುಹೋದರು. ಬು ತಲೆಯೆತ್ತಿ ಆ ಹಳಿಯನ್ನೇ ನೋಡಿದರು.

"ಬಣ್ಣ ಹಚ್ಚಿಸೋಣ ಪಾಕ್," ಎಂದರು.

ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಅಥವಾ ನನ್ನೆದುರು ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಅವರು ಕಟ್ಟಿಸಿದ್ದು ಬ್ಲೆದೆಕ್‌ನ ಬುಡದಲ್ಲಿ ಹಂಚಿನ ಮಾಡಿನ ಒಂದು ದೊಡ್ಡ ಜಗಲಿ, ಏರಿದವರ ಮುಖ ಅಲ್ಲಿಂದ ಸ್ಪಷ್ಟ ಕಾಣುವಂತೆ. ಅಜ್ಜಿಯರು ಅಲ್ಲಿ ಚಪ್ಪಲಿ ಕಾಯುತ್ತಾ, ಊಟದ ಗಂಟು ಬಿಚ್ಚುತ್ತಾ, "ಅಯ್ಯೋ ನಮ್ಮೋನ್ ಮುಖ ನೋಡೇ, ಬೇಯಿಸಿದ ಸೀಗಡಿ!" ಎಂದು ಗೇಲಿ ಮಾಡುತ್ತಾರೆ, ಇಳಿದವರು ಸೀದಾ ಅಲ್ಲಿಗೇ ಬಂದು ತಿನ್ನುತ್ತಾರೆ. ಜಗಲಿಯ ಮೆಟ್ಟಿಲಿಳಿದರೆ ಹಂಸದ ಕೊಳ. ಈಗ ಬೇರೆ ಊರಿನ ಉದ್ಯಾನಗಳವರು ಇದನ್ನು ನೋಡಲು ಬಂದು ಅಳತೆ ತೆಗೆದುಕೊಂಡು ಹೋಗುತ್ತಾರೆ. ಬೆಳಗಿನ ಸುತ್ತನ್ನು ಮಾತ್ರ ಬು ಒಂದು ದಿನವೂ ಬಿಡಲಿಲ್ಲ.

ಕಳೆದ ವಾರ ಅವರು ನನ್ನ ಮೇಜಿನ ಬಳಿ ಬಂದು, "ಶುಕ್ರವಾರ ನನ್ನ ಕೊನೇ ಸುತ್ತು. ಬರ್ತೀಯಲ್ವೇನೇ?" ಎಂದರು. ಬಾಯಲ್ಲಿ "ಹೂಂ ಬು" ಸಿದ್ಧವಾಗಿತ್ತು. ಯಾಕೋ ಅದು ಹೊರಗೆ ಬರಲಿಲ್ಲ.

"ಬೇಡ ಬು. ನಂಗೆ ಭಯ. ಮೊದಲಿಂದ್ಲೂ ಭಯ."

ಊರೆಲ್ಲರ ಮನಸ್ಸಿನ "ಬೇಡ"ವನ್ನು ಕಂಡುಹಿಡಿದ ಆ ಹೆಂಗಸು, ತನ್ನ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದವಳನ್ನು ಈಗ ಮೊದಲ ಸಲ ನೋಡುವಂತೆ ನೋಡಿದರು. "ಮತ್ಯಾಕೇ ಬರ್ತಿದ್ದೆ?" ಎಂದು ಕೇಳಿದರು.

"ನಿಮಗೆ ಒಬ್ರೇ ಅನ್ಸಬಾರ್ದು ಅಂತ."

ಅವರು ನನ್ನ ಕೈ ಹಿಡಿದು ಎಬ್ಬಿಸಿ, ಕೊಳಕ್ಕೆ ಕರೆದುಕೊಂಡು ಹೋಗಿ ಹಂಸದೊಳಗೆ ಕೂರಿಸಿದರು. ತಾವು ಉಳಿಸಿದ ಆ ದೋಣಿಯಲ್ಲಿ ಅವರು ಅದುವರೆಗೆ ಕೂತೇ ಇರಲಿಲ್ಲ. ಅರ್ಧ ಕೊಳ ದಾಟುವ ಹೊತ್ತಿಗೆ ತಿರುಗಿ, "ನಿಜ ಹೇಳ್ಲಾ ಮುರ್ಯಾತೀ? ಇದ್ರಷ್ಟು ಬೋರು ಇನ್ನೊಂದಿಲ್ಲ," ಎಂದರು. ಇಬ್ಬರೂ ನಕ್ಕು ನಕ್ಕು ಪೆಡಲ್ ತುಳಿಯುವುದನ್ನೇ ಮರೆತೆವು, ದೋಣಿ ನಡುನೀರಿನಲ್ಲಿ ಸುಮ್ಮನೆ ನಿಂತಿತು.

ನಮ್ಮ ಬು ಕುಸ್ದರಿನಿ ನೂರು ಕಾಲ ಆರೋಗ್ಯದಿಂದ ಬಾಳಲಿ. ಸಲಹೆ ಕೇಳಿ ಕರೆಯುತ್ತಿರುವ ಉದ್ಯಾನಗಳಿಗೆಲ್ಲ ಹೋಗಿ, ಅಲ್ಲಿನವರಿಗೂ ಇರಿಸುಮುರಿಸಾಗುವಂಥ ಪ್ರಶ್ನೆಗಳನ್ನು ಕೇಳುತ್ತಿರಲಿ. ಎಲ್ಲಾದರೂ ಒಂದು ಕಡೆ, ಎತ್ತರದ ಹಳಿಯೊಂದರ ಮುಂದಿನ ಸೀಟಿನಲ್ಲಿ, ಅವರ ಪಕ್ಕ ಕೂರಲು ನಿಜವಾಗಿಯೂ ಆಸೆಯಿರುವ ಒಬ್ಬರು ಅವರಿಗೆ ಸಿಗಲಿ.