ಮುಳ್ಳಿನ ಕಡಿವಾಣ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಅವನು ನನ್ನ ಮಗಳನ್ನು ಕುದುರೆಯ ಮೇಲೆ ಕೂರಿಸಿದ. ನಾಲ್ಕಕ್ಕೆ ಪಾಠ ಶುರುವಾಗಬೇಕಿತ್ತು. ಅವನು ಆಗತಾನೇ ನಿದ್ದೆಯಿಂದೆದ್ದ ಮುಖದಲ್ಲಿ ಬಂದದ್ದಕ್ಕೆ ಸಿಟ್ಟಾಗಿ ವಾಚು ನೋಡಿಕೊಂಡಿದ್ದೆ, ಹಾಗಾಗಿ ಸಮಯ ನೆನಪಿದೆ.

ಅವನು ಸವಾರಿ ಕಲಿಸುವವನು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಗ್ರೇಟರ್ ನೋಯ್ಡಾದಲ್ಲಿ ಆಗ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಮನೆಗಳು ಖಾಲಿಯಿದ್ದವು, ಎಂಟು ವರ್ಷದ ಮಗಳಿಗೆ ಆಡಲು ಜೊತೆಯೇ ಇರಲಿಲ್ಲ. ಹತ್ತಿರದ ಹಳ್ಳಿಯ ಅಂಚಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ನಾಲ್ಕು ಕುದುರೆ ಕಟ್ಟಿಕೊಂಡಿದ್ದರು. ಅವರ ಮನೆ ದೆಹಲಿಯ ಮಯೂರ್ ವಿಹಾರ್‌ನಲ್ಲಿ, ಇಲ್ಲಿಗೆ ಬರುತ್ತಿದ್ದುದು ಭಾನುವಾರ ಮಾತ್ರ. ಉಳಿದ ದಿನಗಳಲ್ಲಿ ಜಾಗವೆಲ್ಲ ಉಸ್ತಾದನದೇ.

ಮಗಳ ಪಾಲಿಗೆ ಬಂದದ್ದು ಬಿಳಿಯ ಹೆಣ್ಣು ಕುದುರೆ. ಚಳಿಗಾಲ ಶುರುವಾದ ಮೇಲೆ ಅದರ ಕತ್ತಿನ ಕೂದಲಲ್ಲಿ ಮಿನುಗುವ ಪುಡಿ ಇರುತ್ತಿತ್ತು. ಮಕ್ಕಳು ಖುಷಿಪಡಲಿ ಎಂದು ಹಚ್ಚುತ್ತಾನೆ, ರಸಿಕ ಮನುಷ್ಯ ಎಂದುಕೊಂಡಿದ್ದೆವು. ಅವನು ರಾತ್ರಿಗಳಲ್ಲಿ ಅದನ್ನು ಮದುಮಗನ ಬಾರಾತ್ ಮೆರವಣಿಗೆಗಳಿಗೆ ಒಯ್ಯುತ್ತಿದ್ದ ಎಂಬುದು ಹಳ್ಳಿಯ ಬ್ಯಾಂಡ್‌ನವರಿಂದ ಆಮೇಲೆ ತಿಳಿಯಿತು.

ಆ ದಿನ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯಿತು. ಕುದುರೆ ತಲೆ ಕೊಡವಿತು. ಮಗಳು ನನ್ನ ಕಡೆ ನೋಡಿದಳು.

"ಖೀಂಚೋ, ಬೇಟಾ. ಜೋರ್ ಸೇ ಖೀಂಚೋ," ಎಂದು ಅವನು ದೂರದಿಂದಲೇ ಕೂಗಿದ. ಎಳಿ, ಜೋರಾಗಿ ಎಳಿ.

ಹೇಳಿದ್ದನ್ನು ಕೇಳುವ ಹುಡುಗಿ. ಎರಡೂ ಕೈಗಳಿಂದ ಲಗಾಮು ಎಳೆದಳು. ಎಳೆದಷ್ಟೂ ಕುದುರೆ ಓಡಿತು. ಗೇಟು ದಾಟಿತು, ಟಾರು ರಸ್ತೆಗೆ ಬಿತ್ತು. ಲಾರಿಯೊಂದು ಬ್ರೇಕ್ ಹಾಕಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದರ ಚಕ್ರಕ್ಕೂ ನನ್ನ ಮಗಳ ಕಾಲಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವೂ ಇರಲಿಲ್ಲ. ಕುದುರೆ ಜಾರಿತು, ಆಚೆ ಬದಿಯ ಕಟ್ಟಡಕ್ಕೆ ಸುರಿದಿದ್ದ ಮರಳಿನ ಗುಡ್ಡೆಗೆ ನುಗ್ಗಿ ನಿಂತಿತು. ಮಗಳು ಮರಳಿನ ಮೇಲೆ ಬಿದ್ದಳು. ಮೂಳೆ ಮುರಿಯಲಿಲ್ಲ.

ಕುದುರೆಯ ಬಾಯಿಂದ ಕೆಂಪು ನೊರೆ ಇಳಿಯುತ್ತಿತ್ತು. ನಾನೇ ಪಟ್ಟಿ ಬಿಚ್ಚಿ ಕಡಿವಾಣ ಹೊರತೆಗೆದೆ. ಬಾಯೊಳಗೆ ಕೂರುವ ಕಬ್ಬಿಣದ ಮೇಲೆ ಲವಂಗದಷ್ಟು ಉದ್ದದ ಮುಳ್ಳುಗಳಿದ್ದವು. ಮದುಮಗ ಕೂತಾಗ ಕುದುರೆ ಕತ್ತು ಬಾಗಿಸಿ ಕುಣಿಯಬೇಕಲ್ಲ, ಅದಕ್ಕೆ ಇದು. ಪಾಠಕ್ಕೆ ಮುಂಚೆ ಬದಲಾಯಿಸುವುದನ್ನು ಅವನು ಮರೆತಿದ್ದ.

ಅವನು ಏದುಸಿರು ಬಿಡುತ್ತಾ ಬಂದ. "ಮೇಡಮ್‌ಜೀ, ಬಚ್ಚಿ ಹೆದರಿಬಿಟ್ಟಳು. ಹಾಗೆ ಎಳೆದರೆ ಯಾವ ಕುದುರೆ ಸುಮ್ಮನಿರುತ್ತೆ?"

ಮಗಳು ಅದನ್ನು ಕೇಳಿಸಿಕೊಂಡಳು. ನಾನು ಕಡಿವಾಣವನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಅಂದಿನಿಂದ ಅವಳು ನಿದ್ದೆಯಲ್ಲಿ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಎಳೆದುಕೊಳ್ಳುತ್ತಿದ್ದಳು, ಎಚ್ಚರವಾಗಿ ಅಳುತ್ತಿದ್ದಳು. "ಅಮ್ಮ, ನಾನು ಖೀಂಚ್ ಮಾಡಿದ್ದಕ್ಕೇ ಅವಳಿಗೆ ಬ್ಲಡ್ ಬಂತಲ್ವಾ?" ಇಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ನಂಬಲಿಲ್ಲ. "ನೀನು ಅಮ್ಮ, ನೀನು ಹಾಗೇ ಹೇಳ್ತೀಯ. ಉಸ್ತಾದ್‌ಜೀಗೆ ಗೊತ್ತಿರುತ್ತೆ."

ಹಾಗಾದರೆ ಅವನ ಬಾಯಿಂದಲೇ ಹೇಳಿಸುತ್ತೇನೆ ಎಂದು ನಿರ್ಧರಿಸಿದೆ. ಎಲ್ಲರ ಮುಂದೆ, ತಲೆ ತಗ್ಗಿಸಿಕೊಂಡು ಹೇಳಬೇಕು. ಕಡಿವಾಣವನ್ನು ಅಂದೇ ಕುದುರೆಗಳ ಯಜಮಾನರಾದ ಆ ಅಧಿಕಾರಿಗೆ ತೋರಿಸಿದ್ದರೆ, ಇದು ನನ್ನದಲ್ಲ ಎಂದು ಅವನು ಕೈ ತೊಳೆದುಕೊಳ್ಳುತ್ತಿದ್ದ. ಸಾಕ್ಷಿ ಹೇಳಬೇಕಾದದ್ದು ಕುದುರೆ. ಆದರೆ ಅದಕ್ಕೆ ಹುಚ್ಚು ಹಿಡಿದಿದೆ ಎಂದು ಅವನು ಆಗಲೇ ಯಜಮಾನರನ್ನು ನಂಬಿಸಿದ್ದ. ಇಟ್ಟಿಗೆ ಭಟ್ಟಿಯ ಗಾಡಿಗೆ ಕೊಡುವ ಮಾತು ನಡೆದಿತ್ತು.

"ಹೋಳಿಯವರೆಗೆ ನನಗೆ ಬಿಡಿ, ಸರ್. ಅಲ್ಲಿಯವರೆಗೆ ಉಸ್ತಾದ್ ಅದನ್ನು ಮುಟ್ಟಬಾರದು," ಎಂದೆ. ಅವರು ವಿಚಿತ್ರವಾಗಿ ನೋಡಿ ಒಪ್ಪಿದರು.

ಮೊದಲು ಲಾಳಗಳನ್ನು ತೆಗೆಸಿದೆ. ಗೊರಸು ಮುಂದಕ್ಕೆ ಬೆಳೆದುಹೋಗಿತ್ತು, ಅಂಗಾಲು ಟಾರಿನ ಮೇಲೆ ಕುಣಿದು ಕುಣಿದು ಕಂದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಕಾಲು ಕಿತ್ತುಕೊಳ್ಳುತ್ತಿತ್ತು. ಕಾಲೇಜಿನಲ್ಲಿ ಪಾಠ ಮುಗಿಸಿ ದಿನಾ ಸಂಜೆ ಹೋಗಿ, ಒಂದೊಂದೇ ಕಾಲನ್ನು ಬೆಚ್ಚನೆಯ ಉಪ್ಪುನೀರಿನ ಟಬ್ಬಿನಲ್ಲಿಟ್ಟು, ಸಂದಿನ ಕೊಳೆ ಕೆರೆದು, ಒರೆಸಿ ಒಣಗಿಸುತ್ತಿದ್ದೆ. ನಿಲ್ಲುವ ಜಾಗಕ್ಕೆ ಮರಳು ಹಾಕಿಸಿದೆ. ತುಟಿಯ ಮೂಲೆಯ ಹುಣ್ಣುಗಳನ್ನು ಬಟ್ಟೆಯಿಂದ ತೊಳೆಯುತ್ತಿದ್ದೆ. ಕಡಲೆ ಅಗಿಯಲಾಗುತ್ತಿರಲಿಲ್ಲವಾದ್ದರಿಂದ ಬೂಸಾ ನೆನೆಸಿ ಕೊಡುತ್ತಿದ್ದೆ. ಬಾಯಿಗೆ ಕಬ್ಬಿಣ ಸೋಕಿಸಲೇ ಇಲ್ಲ.

ಇದನ್ನೆಲ್ಲ ಕನಿಕರದಿಂದ ಮಾಡಿದೆ ಎನ್ನಲಾರೆ. ಕತ್ತಿ ಮಸೆಯುವವರ ಹಾಗೆ ಮಾಡಿದೆ. ಹುಣ್ಣು ತೊಳೆಯುವಾಗಲೆಲ್ಲ ಆ ಮುಳ್ಳುಗಳು ಅವನ ನಾಲಿಗೆಯ ಮೇಲಿರುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಕೈಗೆ ಬಲ ಬರುತ್ತಿತ್ತು.

ಅವನು ಚಹಾ ಹೀರುತ್ತಾ ನೋಡುತ್ತಿದ್ದ. "ಪೆಡಿಕ್ಯೂರ್ ಆಯ್ತಾ ಮೇಡಮ್‌ಜೀ? ಮೆಹಂದಿ ಯಾವಾಗ?"

"ನಿಮ್ಮ ಸರದಿ ಬಂದಾಗ ಕರೀತೀನಿ, ಭಯ್ಯಾ," ಎಂದೆ.

ಮೊದಮೊದಲು ಗೇಟಿನ ಬಳಿಯೇ ನಿಲ್ಲುತ್ತಿದ್ದ ಮಗಳು ಆಮೇಲೆ ಬೂಸಾದ ಬಕೆಟ್ ಹಿಡಿಯತೊಡಗಿದಳು.

ಹೋಳಿಗೆ ಮುಂಚಿನ ಭಾನುವಾರ ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೇರೆ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದರು. ಮಗಳು ಮೂತಿಗೆ ಕಟ್ಟುವ ಮೆತ್ತನೆಯ ಹಗ್ಗ ಹಿಡಿದು ಹತ್ತಿರ ಹೋದಾಗ ಕುದುರೆ ತಾನಾಗಿ ತಲೆ ತಗ್ಗಿಸಿತು. ಅವಳ ಹಿಂದೆ ಮೈದಾನಕ್ಕೆ ಒಂದು ಸುತ್ತು ಬಂತು. ಕುಂಟಲಿಲ್ಲ.

"ಔಷಧಿಯ ಅಮಲು, ಸಾಹೇಬ್," ಎಂದು ಉಸ್ತಾದ್ ನಕ್ಕ. "ಲಗಾಮು ಹಾಕಿದರೆ ಮತ್ತೆ ಅದೇ ಹುಚ್ಚು."

"ಅಚ್ಛಾ. ಹಾಗಾದರೆ ನೀವೇ ಹಾಕಿ," ಎಂದು ಬ್ಯಾಗಿನಿಂದ ಕಡಿವಾಣ ತೆಗೆದು ಕೊಟ್ಟೆ.

ಅವನ ಮುಖ ನೋಡುವ ಆ ಕ್ಷಣಕ್ಕಾಗಿಯೇ ನಾನು ಚಳಿಗಾಲವಿಡೀ ಕಾದಿದ್ದೆ. "ಇದು ನಂದಲ್ಲ," ಎಂದ.

"ಯಾರದಾದರೂ ಆಗಲಿ, ಹಾಕು," ಎಂದರು ಯಜಮಾನರು.

ಅವನು ಎರಡು ಹೆಜ್ಜೆ ಇಟ್ಟನಷ್ಟೆ. ಕಬ್ಬಿಣ ಕಿಣಿಗುಟ್ಟಿದ್ದೇ ತಡ, ಕುದುರೆ ಹಲ್ಲು ಕಚ್ಚಿಕೊಂಡು ಹಿಂದೆ ಸರಿದು ಗೋಡೆಗೆ ಒತ್ತಿ ನಿಂತಿತು. ಮೈಯೆಲ್ಲ ನಡುಗುತ್ತಿತ್ತು. ಯಜಮಾನರು ಎದ್ದು ಬಂದು ಕಡಿವಾಣ ಕಸಿದುಕೊಂಡರು, ಮುಳ್ಳಿನ ಮೇಲೆ ಬೆರಳು ಒತ್ತಿ ನೋಡಿದರು. ನಾನು ಬ್ಯಾಂಡ್‌ನವರು ಹೇಳಿದ್ದನ್ನೆಲ್ಲ ಹೇಳಿದೆ. ಉಸ್ತಾದ್ ಇಲ್ಲವೆನ್ನಲಿಲ್ಲ.

"ಭಯ್ಯಾ, ಈಗ ಇವಳಿಗೆ ಹೇಳಿ. ಇವಳು ಎಳೆದದ್ದು ತಪ್ಪಾ?"

ಅವನು ತನ್ನ ಬೂಟುಗಳನ್ನು ನೋಡಿಕೊಂಡ. "ನಹೀಂ ಬೇಟಾ. ಲಗಾಮ್ ಗಲತ್ ಥೀ." ಲಗಾಮೇ ಸರಿಯಿರಲಿಲ್ಲವಂತೆ.

"ಫಿರ್ ಖೀಂಚೋ ಕ್ಯೋಂ ಬೋಲಾ?" ಎಂದಳು ಮಗಳು. ಮತ್ತೆ ಎಳಿ ಅಂತ ಯಾಕೆ ಹೇಳಿದಿರಿ? ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಆ ರಾತ್ರಿ ಮಗಳ ಹೊದಿಕೆ ಹೊದಿಸಿದ ಹಾಗೇ ಇತ್ತು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಲಾರಿಯ ಚಕ್ರ ಕಣ್ಣ ಮುಂದೆ ಬರುತ್ತಿತ್ತು. ಆ ಚಕ್ರಕ್ಕೆ ಅವನ ನಾಲ್ಕು ಮಾತು ಯಾವ ಲೆಕ್ಕ? ನನಗೆ ಇನ್ನೂ ಬೇಕಿತ್ತು.

ಬುಧವಾರ ಯಜಮಾನರು ಫೋನ್ ಮಾಡಿದರು. ಉಸ್ತಾದನನ್ನು ಕಳಿಸಿದ್ದಾಯಿತು, ಕುದುರೆ ಇಲ್ಲೇ ಇರುತ್ತದೆ ಎಂದರು. ಜೀನು ಹೆಗಲ ಮೇಲೆ ಹೊತ್ತು ನಡೆದೇ ಹೋದನಂತೆ. ಆ ಚಿತ್ರವನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾ ಮಲಗಿದೆ. ಪಾಪ ಅನ್ನಿಸಲಿಲ್ಲ, ಇಂದಿಗೂ ಅನ್ನಿಸಿಲ್ಲ. ಕಣ್ಣು ಬಿಟ್ಟಾಗ ಗುರುವಾರದ ಬಿಸಿಲು ಕಿಟಕಿಯ ತುಂಬ ಇತ್ತು. ಪಕ್ಕದಲ್ಲಿ ಮಗಳು ಇನ್ನೂ ಮಲಗಿದ್ದಳು, ಸ್ಕೂಲ್ ಬಸ್ ಹೊರಟುಹೋಗಿತ್ತು.