ಹೆಂಡತಿ ನನ್ನನ್ನು ಸಾಯಿಸಿ ನೋಡಿದ್ದು

“ನೀವೀಗ ಸತ್ತೋಗಿದ್ದೀರ. ಮಾತಾಡಂಗಿಲ್ಲ, ಸುಮ್ಕೆ ಕೂತ್ಕಳಿ,” ಎಂದು ಹೆಂಡತಿ ನನ್ನ ಮ್ಯೂಚುವಲ್ ಫಂಡ್ ಕಾಗದಗಳನ್ನೆಲ್ಲ ನಡುಮನೆಯಲ್ಲಿ ಹರವಿಕೊಂಡಳು. ನಾನಿಲ್ಲದ ಕಾಲಕ್ಕೆ ಆ ದುಡ್ಡು ತನ್ನ ಕೈಗೆ ಸಿಗುತ್ತದೋ ಇಲ್ಲವೋ ಎಂದು ನೋಡಬೇಕಿತ್ತಂತೆ.

ನಾನು ಓದಿದ್ದು ಏಳನೇ ಕ್ಲಾಸು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುತ್ತೇನೆ. ಒಬ್ಬ ರೈತನ ಗೂಡು ಕೈಕೊಟ್ಟರೆ ಇನ್ನೊಬ್ಬನದು ಕಾಪಾಡಲಿ ಎಂದು ಹತ್ತು ಜನರ ಹತ್ತಿರ ಗೂಡು ಕೊಳ್ಳುವುದು ನನ್ನ ರೂಢಿ. ಫಂಡುಗಳನ್ನೂ ಹಾಗೇ ಕೊಂಡಿದ್ದೆ, ಹದಿನಾಲ್ಕು. ಅದರ ಮೇಲೆ ಹೆಮ್ಮೆಯೂ ಇತ್ತು.

ಮಧ್ಯಾಹ್ನದವರೆಗೆ ಹುಡುಕಿದರೂ ಐದು ಫಂಡು ಅವಳಿಗೆ ಸಿಗಲೇ ಇಲ್ಲ. ಸಿಕ್ಕಿದ್ದರಲ್ಲಿ ಮೂರಕ್ಕೆ ನಾಮಿನಿ ಎಂದು ತೀರಿಕೊಂಡಿರುವ ನಮ್ಮವ್ವನ ಹೆಸರಿತ್ತು. ವಿವರಿಸಲು ಬಾಯಿ ತೆರೆದೆ.

“ಸತ್ತೋರು ಎಲ್ಲಾದ್ರೂ ಮಾತಾಡ್ತಾರಾ?” ಎಂದಳು.

ಆಮೇಲೆ ಅವನ್ನೆಲ್ಲ ಮಾರಿ, ಷೇರು, ಸಾಲಪತ್ರ ಎರಡೂ ಒಂದರಲ್ಲೇ ಇರುವ ಎರಡು ಬ್ಯಾಲೆನ್ಸ್ಡ್ ಫಂಡುಗಳಿಗೆ ಹಾಕಿ, ಅವಳನ್ನು ನಾಮಿನಿ ಮಾಡಿದೆ.

ಹೋದ ತಿಂಗಳು ಇನ್ನೊಂದು ಸಲ ನನ್ನನ್ನು ಸಾಯಿಸಿ ನೋಡಿದಳು. ನಾನು ಕಾಫಿ ಕುಡಿದು ಮುಗಿಸುವುದರೊಳಗೆ ಎಲ್ಲ ಸಿಕ್ಕಿತು. ಸಮಾಧಾನವಾಯಿತು. ನಾನಿಲ್ಲದೆಯೂ ಇಷ್ಟು ಸಲೀಸಾಗಿ ನಡೆಯುತ್ತದೆ ಎಂದು ತಿಳಿದು, ಅವತ್ತು ಮುದ್ದೆ ಮಾತ್ರ ಒಂದು ಕಡಿಮೆ ಉಂಡೆ.